ಮಣ್ಣಿನ ಹಾದಿ, ಎರಡು ಚಕ್ರ, ಎರಡು ದಿನ

ಮೂವತ್ತು ವರ್ಷಗಳ ಹಿಂದೆ ಆದಿತ್ಯವಾರ ಪೂಜೆಯ ಹೊತ್ತಿಗೆ ನಮ್ಮ ಇಗರ್ಜಿಯ ಅಂಗಳದಲ್ಲಿ ಸಾಲಾಗಿ ನಿಲ್ಲುತ್ತಿದ್ದುದು ಸೈಕಲುಗಳು. ಹಿಂದಿನ ಕ್ಯಾರಿಯರಿನಲ್ಲಿ ಹೆಂಡತಿ, ಮುಂದಿನ ಬಾರಿನ ಮೇಲೆ ಮಗು, ಹೀಗೆ ಇಡೀ ಕುಟುಂಬವೇ ಒಂದು ಸೈಕಲಿನಲ್ಲಿ ಬಂದಿಳಿಯುತ್ತಿತ್ತು. ಈಗ ಅದೇ ಅಂಗಳದಲ್ಲಿ ಕಾರುಗಳಿಗೂ ಜಾಗ ಸಾಲದು. ಸೈಕಲ್ ಏನಿದ್ದರೂ ಮಕ್ಕಳ ಪ್ರಥಮ ಪರಮಪ್ರಸಾದದ ದಿನ ಮಾಮ ಕೊಡಿಸುವ ಉಡುಗೊರೆ. ಎರಡು ವರ್ಷ ಕಳೆಯುವುದರೊಳಗೆ ಅದು ಹಟ್ಟಿಯ ಮೂಲೆ ಸೇರುತ್ತದೆ, ಕೋಳಿಗಳು ಅದರ ಮೇಲೆ ಮಲಗುತ್ತವೆ!

ಹೀಗಿರುವಾಗ ಹಿಂದಿನ ಕ್ರಿಸ್ಮಸ್ಸಿಗೆ ಬೆಂಗಳೂರಿನಿಂದ ಊರಿಗೆ ಬಂದ ನಮ್ಮ ಧರ್ಮಕೇಂದ್ರದ ಹುಡುಗನೊಬ್ಬ ಕಾರಿನ ಬೆನ್ನಿಗೆ ಒಂದು ಸೈಕಲ್ ಕಟ್ಟಿಕೊಂಡು ಬಂದ. ಹ್ಯಾಂಡಲ್ ನೋಡಿದರೆ ರೇಸಿನ ಸೈಕಲಿನಂತೆ ಕೆಳಗೆ ಬಾಗಿದೆ, ಟಯರ್ ನೋಡಿದರೆ ದಪ್ಪ. ಪೂಜೆ ಮುಗಿಸಿ ಹೊರಬಂದ ಹಿರಿಯರೆಲ್ಲ ಅದರ ಸುತ್ತ ನಿಂತರು.

“ಇದು ಗ್ರಾವೆಲ್ ಸೈಕಲ್ ಅಂಕಲ್. ಜಲ್ಲಿ ರಸ್ತೆಗೆ, ಮಣ್ಣಿನ ರಸ್ತೆಗೆ ಅಂತಲೇ ಮಾಡಿದ್ದು” ಎಂದು ಹುಡುಗ ವಿವರಿಸಿದ.

ನಮ್ಮ ವಾಳೆಯ ಗುರಿಕಾರರಿಗೆ ನಗು ತಡೆಯಲಿಲ್ಲ. “ಮಣ್ಣಿನ ರಸ್ತೆಗೆ ಬೇರೆ ಸೈಕಲ್ ಉಂಟಾ ಮಾರಾಯಾ? ಹಾಗಾದರೆ ನಾನು ನಲ್ವತ್ತು ವರ್ಷ ಅಟ್ಲಾಸ್ ಬಿಟ್ಟದ್ದು ಎಲ್ಲಿ, ಕಾಂಕ್ರೀಟಿನಲ್ಲಾ?”

ಮಾತಿಗೆ ಮಾತು ಬೆಳೆದು, ಕೊನೆಗೆ ಜನವರಿಯ ಒಂದು ಶನಿವಾರ ಬೆಳಿಗ್ಗೆ ನಾವು ಏಳು ಮಂದಿ ಬೇಳದ ಇಗರ್ಜಿಯ ಅಂಗಳದಲ್ಲಿ ಸೈಕಲ್ ಹಿಡಿದು ನಿಂತಿದ್ದೆವು. ನಾಲ್ವರು ಯುವಕರು, ಒಬ್ಬರು ಟೀಚರ್, ಅರುವತ್ತೊಂದು ವಯಸ್ಸಿನ ಗುರಿಕಾರರು ಮತ್ತು ಈ ಲೇಖನ ಬರೆಯುವ ನಾವು. 1890ರಲ್ಲಿ ಸ್ಥಾಪನೆಯಾದ ಬೇಳದ ಇಗರ್ಜಿ ಕಾಸರಗೋಡು ಸೀಮೆಯ ಹಳೆಯ ಇಗರ್ಜಿಗಳಲ್ಲಿ ಒಂದು. ನಮ್ಮ ಅಜ್ಜಂದಿರು ಕಾಡು, ಗುಡ್ಡೆ, ಹೊಳೆ ದಾಟಿ ನಡೆದು ಬರುತ್ತಿದ್ದುದು ಇಲ್ಲಿಗೇ. ಅವರ ಕಾಲುದಾರಿಗಳಲ್ಲಿ ಎಷ್ಟು ಉಳಿದಿವೆ, ನೋಡೋಣ ಎಂದು ಹೊರಟೆವು.

ಗುರಿಕಾರರ ಟಯರೂ ಹುಡುಗನ ಟಯರೂ

ಗ್ರಾವೆಲ್ ಸೈಕಲ್ ಎಂದರೇನು ಎಂದು ಎರಡು ಮಾತು ಹೇಳಬೇಕು. ಟಾರು ರಸ್ತೆಯ ರೇಸ್ ಸೈಕಲಿನ ಟಯರ್ 25ರಿಂದ 28 ಮಿಲಿಮೀಟರ್ ಅಗಲ ಇರುತ್ತದೆ. ಗಾಳಿ ಗಟ್ಟಿಯಾಗಿ ತುಂಬಿರುತ್ತಾರೆ. ಮಣ್ಣಿನಲ್ಲಿ ಅದು ಹೂತುಹೋಗುತ್ತದೆ, ಕಲ್ಲಿನ ಮೇಲೆ ಪುಟಿಯುತ್ತದೆ. ಗ್ರಾವೆಲ್ ಸೈಕಲಿಗೆ 35ರಿಂದ 50 ಮಿಲಿಮೀಟರ್ ಅಗಲದ ಟಯರ್. ಗಾಳಿ ಕಡಿಮೆ, ಸಾಧಾರಣ ತೂಕದವರಿಗೆ 35ರಿಂದ 40 ಪೌಂಡ್ ಸಾಕು. ಮೆತ್ತಗಿನ ಟಯರ್ ಕಲ್ಲನ್ನು ನುಂಗಿಕೊಂಡು ಹೋಗುತ್ತದೆ. ಚಡಾವು ಹತ್ತಲು ಹಗುರ ಗೇರು, ಇಳಿಯಲು ಡಿಸ್ಕ್ ಬ್ರೇಕು.

ಅಮೆರಿಕದ ಕಾನ್ಸಾಸ್ ರಾಜ್ಯದ ಎಂಪೋರಿಯಾ ಎಂಬ ಊರಿನ ಜಲ್ಲಿ ರಸ್ತೆಗಳಲ್ಲಿ 2006ರಲ್ಲಿ 34 ಮಂದಿ ಸೇರಿ 200 ಮೈಲಿಯ ಸ್ಪರ್ಧೆ ಆರಂಭಿಸಿದರು. ಅಂದರೆ 320 ಕಿಲೋಮೀಟರಿಗೂ ಹೆಚ್ಚು! ಈಗ ಅಲ್ಲಿಗೆ ಸಾವಿರಾರು ಜನ ಬರುತ್ತಾರೆ. ಈ ಹುಚ್ಚು ಅಲ್ಲಿಂದ ಜಗತ್ತಿಗೆಲ್ಲ ಹರಡಿತು.

ತಮಾಷೆ ಏನೆಂದರೆ, ಹುಡುಗ ಅಳತೆಪಟ್ಟಿ ಹಿಡಿದು ಗುರಿಕಾರರ ಹಳೆಯ ಅಟ್ಲಾಸಿನ ಟಯರ್ ಅಳೆದ. ಅದು ಒಂದೂವರೆ ಇಂಚು. ತನ್ನದೂ ಹೆಚ್ಚುಕಡಿಮೆ ಅಷ್ಟೇ! ಗುರಿಕಾರರು ಮೀಸೆ ತಿರುವಿದರು. ಆದರೆ ಬಾಕಿ ವಿಷಯದಲ್ಲಿ ಹೋಲಿಕೆಯಿಲ್ಲ. ಅವರದು ಇಪ್ಪತ್ತು ಕಿಲೋ ಭಾರ, ಗೇರಿಲ್ಲ, ಬ್ರೇಕು ಕಂಬಿಯದ್ದು. ಹುಡುಗನದು ಹತ್ತು ಕಿಲೋ. ಚಡಾವು ಬಂದಾಗಲೆಲ್ಲ ಗುರಿಕಾರರು ಇಳಿದು ತಳ್ಳುವುದು, ನಾವೆಲ್ಲ ಮೇಲೆ ಕಾಯುವುದು ಎಂದು ಒಪ್ಪಂದವಾಯಿತು.

ಊರ ಹೆಸರೇ ನಕ್ಷೆ

ನೀರ್ಚಾಲು ದಾಟಿ ಬದಿಯಡ್ಕ, ಅಲ್ಲಿಂದ ಉಕ್ಕಿನಡ್ಕ, ಪೆರ್ಲದ ಕಡೆಗೆ ಹೊರಟೆವು. ದೊಡ್ಡ ರಸ್ತೆಯನ್ನು ಆದಷ್ಟೂ ಬಿಟ್ಟು, ತೋಟಗಳ ನಡುವಿನ ಪಂಚಾಯತ್ ರಸ್ತೆಗಳನ್ನು ಹಿಡಿದೆವು. ಫೋನಿನ ನಕ್ಷೆ ಎರಡು ಬಾರಿ ನಮ್ಮನ್ನು ಯಾರದೋ ಅಂಗಳಕ್ಕೆ ಕೊಂಡುಹೋಗಿ ನಿಲ್ಲಿಸಿತು. ಎರಡನೆಯ ಅಂಗಳದಲ್ಲಿ ಭಟ್ಟರೊಬ್ಬರು ಬೆಲ್ಲ ನೀರು ಕೊಟ್ಟು ಕುಳ್ಳಿರಿಸಿದರು. “ಫೋನ್ ನೋಡಬೇಡಿ, ಊರಿನ ಹೆಸರು ನೋಡಿ” ಎಂದರು.

ಅವರು ಹೇಳಿದ್ದು ಹೀಗೆ: ‘ಅಡ್ಕ’ ಎಂದರೆ ಗುಡ್ಡೆಯ ಮೇಲಿನ ಬಯಲು, ಮುರಕಲ್ಲಿನ ಸಮತಟ್ಟು. ‘ಪದವು’ ಎಂದರೂ ಅದೇ. ಹೆಸರಿನ ಕೊನೆಗೆ ಅಡ್ಕವೋ ಪದವೋ ಇದ್ದರೆ ನೀವು ಹತ್ತಬೇಕು. ‘ಬೈಲು’ ಎಂದಿದ್ದರೆ ಇಳಿಯಬೇಕು, ಅಲ್ಲಿ ಗದ್ದೆಯೋ ತೋಟವೋ ಇರುತ್ತದೆ. ‘ಕಟ್ಟ’ ಎಂದಿದ್ದರೆ ಹತ್ತಿರದಲ್ಲಿ ತೋಡು ಉಂಟು, ಕಾಲು ಒದ್ದೆಯಾದೀತು.

ಹುಟ್ಟಿದಂದಿನಿಂದ ಬದಿಯಡ್ಕ, ಉಕ್ಕಿನಡ್ಕ ಎನ್ನುತ್ತಲೇ ಬಂದ ನಮಗೆ ಇದು ಹೊಳೆದಿರಲೇ ಇಲ್ಲ. ಕಾರಿನಲ್ಲಿ ಹೋಗುವವನಿಗೆ ಅಡ್ಕವೂ ಒಂದೇ, ಬೈಲೂ ಒಂದೇ. ತೊಡೆಯ ಸ್ನಾಯುಗಳಿಗೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ.

ಮುರಕಲ್ಲಿನ ರಸ್ತೆಗೆ ಅದರದೇ ಗುಣವಿದೆ. ಮೇಲೆ ಗಟ್ಟಿ, ಆದರೆ ಸವೆದು ಬಿಡಿಬಿಡಿಯಾದ ಕೆಂಪು ಹರಳುಗಳು ಗೋಲಿಯ ಹಾಗೆ ಉರುಳುತ್ತವೆ. ತಿರುವಿನಲ್ಲಿ ಬ್ರೇಕು ಹಿಡಿದರೆ ಬಿದ್ದದ್ದೇ. ನಮ್ಮ ಟೀಚರ್ ಬಿದ್ದರು, ಮೊಣಕೈ ತರಚಿತು. ತಿರುವಿಗೆ ಮೊದಲೇ ವೇಗ ತಗ್ಗಿಸಬೇಕು, ಕೈ ಬಿಗಿ ಹಿಡಿಯಬಾರದು, ಕಣ್ಣು ಚಕ್ರದ ಮೇಲಲ್ಲ, ಹತ್ತು ಮಾರು ಮುಂದೆ ಇರಬೇಕು. ಎರಡು ಗಂಟೆಯಲ್ಲಿ ಎಲ್ಲರೂ ಕಲಿತೆವು.

ಗೇರು ಗುಡ್ಡೆಯ ಮನೆ

ಪೆರ್ಲದಿಂದ ಮುಂದೆ ಗೇರು ತೋಟಗಳು. ಗೇರು ನಮ್ಮ ಮರವಲ್ಲ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದದ್ದು. ಜನವರಿಯಲ್ಲಿ ಹೂ ಬಿಟ್ಟಿರುತ್ತದೆ, ಗುಡ್ಡೆಯಿಡೀ ಸಣ್ಣಗೆ ಸಿಹಿ ವಾಸನೆ. ನೆರಳು, ಕೆಂಪು ಮಣ್ಣಿನ ದಾರಿ, ಒಂದು ವಾಹನವೂ ಇಲ್ಲ. ಸೈಕಲ್ ಬಿಡುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಬೇಡ ಎನಿಸಿತು.

ಆದರೆ ಈ ಚೆಂದದ ದಾರಿಯ ಕಥೆ ನಮ್ಮೆಲ್ಲರಿಗೂ ಗೊತ್ತಿರುವುದೇ. ಕೇರಳದ ಸರಕಾರಿ ತೋಟಗಾರಿಕಾ ನಿಗಮಕ್ಕೆ ಕಾಸರಗೋಡಿನಲ್ಲಿ ನಾಲ್ಕೂವರೆ ಸಾವಿರ ಹೆಕ್ಟೇರಿಗೂ ಹೆಚ್ಚು ಗೇರು ತೋಟವಿತ್ತು. ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಅದು ಮರದ ಮೇಲೆ ಮಾತ್ರ ಬೀಳಲಿಲ್ಲ. ತೋಡಿಗೆ, ಸುರಂಗಕ್ಕೆ, ಬಾವಿಗೆ, ಒಣಗಲು ಹಾಕಿದ ಬಟ್ಟೆಗೆ, ಅಂಗಳದಲ್ಲಿ ಆಡುವ ಮಕ್ಕಳ ಮೇಲೆ ಬಿತ್ತು. ಪಡ್ರೆ ಗ್ರಾಮದ ವೈದ್ಯ ಡಾ. ಮೋಹನ ಕುಮಾರ್, ಪತ್ರಕರ್ತ ಶ್ರೀಪಡ್ರೆ ಮೊದಲಾದವರು ದನಿ ಎತ್ತಿದಾಗ ಕೇಳಿದವರು ಕಡಿಮೆ. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ಅದನ್ನು ತಡೆಯಿತು. ಸಂತ್ರಸ್ತರಿಗೆ ಐದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2017ರಲ್ಲಿ ಆದೇಶಿಸಿತು. ಇದನ್ನೆಲ್ಲ ನಾವು ಪತ್ರಿಕೆಯಲ್ಲಿ ಓದಿದ್ದೆವು, ಆ ರಸ್ತೆಯಲ್ಲಿ ಕಾರಿನಲ್ಲಿ ಮದುವೆಗೂ ಹೋಗಿದ್ದೆವು. ನಿಂತಿರಲಿಲ್ಲ.

ಈ ಸಲ ನಿಲ್ಲಬೇಕಾಯಿತು, ಒಂದು ಟಯರಿಗೆ ಮುಳ್ಳು ಹೊಕ್ಕಿತ್ತು. ರಸ್ತೆ ಬದಿಯ ಹಂಚಿನ ಮನೆಯಿಂದ ಒಬ್ಬರು ಹೆಂಗಸು ಹೊರಬಂದರು. ಗುರಿಕಾರರನ್ನು ನೋಡಿ, “ಎಂತ ಪೊರ್ಬುಳೇ, ಪಂಚರಾ? ಬನ್ನಿ ಬನ್ನಿ, ಬಾಯಮ್ಮನಿಗೆ ಕೈಗೆ ಪೆಟ್ಟಾಗಿದೆಯಲ್ಲ, ನೀರು ಕೊಡುತ್ತೇನೆ” ಎಂದು ಕರೆದರು.

ಜಗಲಿಯ ಚಾಪೆಯ ಮೇಲೆ ಅವರ ಮಗ ಮಲಗಿದ್ದ. ವಯಸ್ಸು ಮೂವತ್ತನಾಲ್ಕು ಎಂದರು, ನೋಡಲು ಹತ್ತು ವರ್ಷದ ಹುಡುಗನ ಹಾಗೆ. ನಡೆದವನಲ್ಲ, ಮಾತು ಬಂದವನಲ್ಲ. ನಮಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಅಷ್ಟರಲ್ಲಿ ಅಂಗಳದಲ್ಲಿ ಅಟ್ಲಾಸ್ ನಿಲ್ಲಿಸುತ್ತಿದ್ದ ಗುರಿಕಾರರ ಕೈ ತಾಗಿ ಬೆಲ್ ಬಡಿಯಿತು. ಮಲಗಿದ್ದವನು ತಲೆ ಹೊರಳಿಸಿದ, ಬಾಯಿ ತುಂಬ ನಕ್ಕ.

“ಇವನ ಅಪ್ಪನಿಗೂ ಇಂಥದ್ದೇ ಸೈಕಲ್ ಇತ್ತು” ಎಂದರು ತಾಯಿ. “ಕೆಲಸ ಮುಗಿಸಿ ಬರುವಾಗ ಆ ತಿರುವಿನಿಂದಲೇ ಬೆಲ್ ಮಾಡಿಕೊಂಡು ಬರುವುದು. ಅವರು ಹೋಗಿ ಆರು ವರ್ಷ ಆಯಿತು. ಈಗ ಬರುವವರೆಲ್ಲ ಬೈಕಿನಲ್ಲಿ, ಜೀಪಿನಲ್ಲಿ. ಇನ್ನೊಮ್ಮೆ ಬಡಿಯಿರಿ ಪೊರ್ಬುಳೇ.”

ಗುರಿಕಾರರು ಬಡಿದರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬಡಿದೆವು. ಪ್ರತಿ ಸಲವೂ ಅದೇ ನಗು. ಬೆಂಗಳೂರಿನ ಹುಡುಗನ ಸರದಿ ಬಂತು. ಅವನ ಸೈಕಲಿಗೆ ಬೆಲ್ಲೇ ಇಲ್ಲ! ಭಾರ ಕಡಿಮೆಯಾಗಲಿ ಎಂದು ತೆಗೆದುಹಾಕಿದ್ದನಂತೆ. ಒಂದು ಕ್ಷಣ ಪೆಚ್ಚಾಗಿ ನಿಂತವನು, ಚಾಪೆಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಬಾಯಿಯಲ್ಲೇ “ಟ್ರಿಣ್ ಟ್ರಿಣ್” ಎಂದ. ಅದಕ್ಕೂ ನಗು ಬಂತು.

ಹೊರಡುವಾಗ ಟೀಚರ್ ಏನಾದರೂ ಸಹಾಯ ಬೇಕೇ ಎಂದು ಕೇಳಿದರು. ತಾಯಿ ಹಣದ ಮಾತೆತ್ತಲಿಲ್ಲ. “ನನಗೆ ಪೇಟೆಗೆ ಹೋಗಿ ಎರಡು ತಿಂಗಳಾಯಿತು ಬಾಯಮ್ಮ. ಇವನನ್ನು ಅರ್ಧ ದಿನ ನೋಡಿಕೊಳ್ಳುವವರು ಇಲ್ಲ. ಅದು ಹೇಗೂ ಆಗುತ್ತದೆ. ನಾನು ಹೋದ ಮೇಲೆ ಯಾರು ನೋಡುತ್ತಾರೆ ಎನ್ನುವುದೇ...” ಎಂದು ಅಲ್ಲಿಗೇ ನಿಲ್ಲಿಸಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಆ ಮನೆಯ ಗುರುತನ್ನು ಇಲ್ಲಿ ಬರೆಯುವುದಿಲ್ಲ. ಅದು ನೋಡಲು ಹೋಗುವ ಜಾಗವಲ್ಲ.

ಮುಂದಿನ ಒಂದು ಗಂಟೆ ಯಾರೂ ಹೆಚ್ಚು ಮಾತಾಡಲಿಲ್ಲ.

ನೀರು ಹಿಡಿದಿಟ್ಟವರು

ಮಧ್ಯಾಹ್ನದ ಮೇಲೆ ಏತಡ್ಕದ ಕಡೆಗೆ ಇಳಿದೆವು. ಇಲ್ಲಿಯ ತೋಡುಗಳಿಗೆ ಕೃಷಿಕರು ಕೂಡಿ ಕಟ್ಟುವ ‘ಕಟ್ಟ’ಗಳು ಹೆಸರುವಾಸಿ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಆದರೆ ಇಳಿಜಾರು ನೆಲ, ತೂತುತೂತು ಮುರಕಲ್ಲು. ನೀರು ಓಡಿ ಸಮುದ್ರ ಸೇರುತ್ತದೆ. ಅದಕ್ಕಾಗಿ ಮಳೆ ನಿಂತು ತೋಡು ಸಣ್ಣದಾದ ಮೇಲೆ ಅಡ್ಡಲಾಗಿ ಕಲ್ಲು, ಮಣ್ಣು, ಅಡಿಕೆ ಮರದ ಕಾಂಡ ಇಟ್ಟು ಕಟ್ಟ ಕಟ್ಟುತ್ತಾರೆ. ಈಚೆಗೆ ಮರಳಿನ ಚೀಲ, ಪ್ಲಾಸ್ಟಿಕ್ ಹಾಳೆಯೂ ಬಂದಿವೆ. ಹಿಂದೆ ನಿಂತ ನೀರು ನೆಲಕ್ಕಿಳಿದು, ಸುತ್ತಲಿನ ಬಾವಿಗಳನ್ನು ಬೇಸಿಗೆಯಲ್ಲೂ ಬತ್ತದಂತೆ ಕಾಯುತ್ತದೆ. ಮುಂದಿನ ಮಳೆಗಾಲಕ್ಕೆ ಅದನ್ನು ಬಿಚ್ಚಿ ನೀರಿಗೆ ದಾರಿ ಬಿಡಬೇಕು.

ದಾರಿಯುದ್ದಕ್ಕೂ ಗುಡ್ಡೆಯ ಬುಡದಲ್ಲಿ ಸುರಂಗಗಳೂ ಕಂಡವು. ಆಳು ಒಬ್ಬ ನುಸುಳುವಷ್ಟೇ ಅಗಲ. ಒಬ್ಬನೇ ಕುಳಿತು ಪಿಕ್ಕಾಸಿನಿಂದ ಮುರಕಲ್ಲು ಕೆತ್ತುತ್ತಾ, ಮೇಣದ ಬತ್ತಿ ಹಚ್ಚಿಟ್ಟುಕೊಂಡು ಒಳಗೆ ಸಾಗುತ್ತಾನೆ. ಬತ್ತಿ ಆರಿದರೆ ಗಾಳಿ ಸಾಲದು ಎಂದು ತಿಳಿದು ಹೊರಬರುತ್ತಾನೆ. ನೂರಾರು ಅಡಿ ಹೋದ ಮೇಲೆ ಒರತೆ ಸಿಕ್ಕರೆ, ಪಂಪು ಇಲ್ಲದೆ, ಕರೆಂಟು ಇಲ್ಲದೆ ನೀರು ತಾನಾಗಿ ಅಂಗಳಕ್ಕೆ ಹರಿದು ಬರುತ್ತದೆ. ಬಾಟಲಿ ತುಂಬಿಸಿಕೊಂಡೆವು. ಫ್ರಿಜ್ಜಿನ ನೀರು ನಾಚಬೇಕು!

ಕತ್ತಲಾಗುವ ಮೊದಲು ನಾರಂಪಾಡಿ ತಲಪಿದೆವು. ಗುರಿಕಾರರ ಭಾವನ ಮನೆಯಲ್ಲಿ ಗಂಜಿ, ಒಣಮೀನು ಚಟ್ನಿ, ಎಣ್ಣೆ ಹಚ್ಚಿ ಬಿಸಿನೀರಿನ ಸ್ನಾನ.

ಆನೆಗೆ ದಾರಿ ಬಿಟ್ಟೆವು

ಆದಿತ್ಯವಾರ ಬೆಳಿಗ್ಗೆ ಪೂಜೆ ಮುಗಿಸಿ ಮುಳ್ಳೇರಿಯದ ಕಡೆ ಹೊರಟೆವು. ಇಲ್ಲಿಂದ ಆದೂರು, ಕಾರಡ್ಕದ ಕಡೆಗೆ ಕಾಡು ಶುರು. ಕಾಡಿನ ಆಚೆ ಪಯಸ್ವಿನಿ ಹೊಳೆ. ಕೊಡಗಿನ ಪಟ್ಟಿಘಾಟ್ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯ, ಜಾಲ್ಸೂರು ದಾಟಿ ಕೇರಳಕ್ಕೆ ಬರುವ ಈ ನದಿಯೇ ಮುಂದೆ ಚಂದ್ರಗಿರಿ ಎಂಬ ಹೆಸರಿನಿಂದ ಕಾಸರಗೋಡಿನಲ್ಲಿ ಸಮುದ್ರ ಸೇರುತ್ತದೆ. ಒಟ್ಟು ಉದ್ದ 105 ಕಿಲೋಮೀಟರ್.

ಆದೂರು ದಾಟಿ ಹೊಳೆಯ ಕಡೆಗಿಳಿಯುವ ಮಣ್ಣಿನ ರಸ್ತೆ ಹಿಡಿದದ್ದಷ್ಟೇ, ಎದುರಿನಿಂದ ರಬ್ಬರ್ ಟ್ಯಾಪಿಂಗ್ ಮುಗಿಸಿ ಬರುತ್ತಿದ್ದ ಒಬ್ಬರು ಬೈಕ್ ನಿಲ್ಲಿಸಿದರು. “ಮುಂದೆ ಹೋಗಬೇಡಿ. ರಾತ್ರಿ ದಾಟಿದ ಆನೆಗಳು ಇನ್ನೂ ಆಚೆ ಹೋಗಿಲ್ಲ” ಎಂದರು. ರಸ್ತೆಯಲ್ಲಿ ಲದ್ದಿ ಬಿದ್ದಿತ್ತು, ಇನ್ನೂ ಹಸಿ. ಪಕ್ಕದ ತೋಟದಲ್ಲಿ ಇಪ್ಪತ್ತು ಮೂವತ್ತು ಬಾಳೆ ಮುರಿದು ಮಲಗಿದ್ದವು, ಎರಡು ಅಡಿಕೆ ಮರವೂ.

ಹುಡುಗರಿಗೆ ಮನಸ್ಸಿಲ್ಲ. “ಒಂದೂವರೆ ಕಿಲೋಮೀಟರ್ ಅಷ್ಟೇ, ಬೇಗ ಹೋಗೋಣ” ಎಂದರು. ಗುರಿಕಾರರು ಸೈಕಲ್ ತಿರುಗಿಸಿಯೇ ಬಿಟ್ಟರು. “ನಾವು ಎರಡು ದಿನದ ಆಟಕ್ಕೆ ಬಂದವರು. ನಮಗೇನಾದರೂ ಆದರೆ ಹುಡುಕಿಕೊಂಡು ಬರಬೇಕಾದವರು ಇವರೇ. ಇರುವ ಕಷ್ಟ ಸಾಲದೇ ಅವರಿಗೆ?” ಎಂದರು. ಮೇಲಿನ ದಾರಿಯಿಂದ ಸುತ್ತಿ ಹೋದೆವು, ಒಂಬತ್ತು ಕಿಲೋಮೀಟರ್ ಹೆಚ್ಚಾಯಿತು. ಆ ಒಂಬತ್ತು ಕಿಲೋಮೀಟರಿನಲ್ಲಿ ಗುರಿಕಾರರೇ ಹೆಚ್ಚು ತಳ್ಳಿದ್ದು.

ಸೋಲಾರ್ ಬೇಲಿ ಇರುವಲ್ಲಿ ಪರವಾಗಿಲ್ಲ, ಇಲ್ಲದಲ್ಲಿ ರಾತ್ರಿಯಿಡೀ ಡಬ್ಬ ಬಡಿದು ಕಾಯಬೇಕು ಎಂದರು ಮುಂದೆ ಸಿಕ್ಕ ಕೃಷಿಕರು. ಅವರ ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿತ್ತು. ಆದರೂ ನಮಗೆ ಪುನರ್ಪುಳಿ ಶರಬತ್ತು ಮಾಡಿಸಿಕೊಟ್ಟರು.

ಹೊಳೆಯ ಜೊತೆ ಸಮುದ್ರದವರೆಗೆ

ಬೋವಿಕ್ಕಾನದಿಂದ ಕೆಳಗಿಳಿದಾಗ ಕೊನೆಗೂ ಹೊಳೆ ಸಿಕ್ಕಿತು. ಜನವರಿಯ ಹೊಳೆ ತೆಳ್ಳಗೆ, ತಣ್ಣಗೆ. ಸೈಕಲ್ ಮಲಗಿಸಿ ಮೊಣಕಾಲುದ್ದ ನೀರಿಗಿಳಿದೆವು. ಬಾವಿಕ್ಕರೆಯ ಹತ್ತಿರ ಹೊಳೆ ಅಗಲವಾಗುತ್ತದೆ. ಕಾಸರಗೋಡು ಪೇಟೆಯವರು ಕುಡಿಯುವುದು ಇಲ್ಲಿಯ ನೀರನ್ನೇ. ಹಿಂದೆ ಬೇಸಿಗೆಯಲ್ಲಿ ಸಮುದ್ರದ ಉಬ್ಬರ ಇಲ್ಲಿಯವರೆಗೂ ಏರಿ ಪೇಟೆಯ ನಳ್ಳಿಯಲ್ಲಿ ಉಪ್ಪುನೀರು ಬರುತ್ತಿತ್ತು. ವರ್ಷವರ್ಷ ಚೀಲದ ತಡೆ ಕಟ್ಟುವುದು, ಅದು ಒಡೆಯುವುದು. ಈಗ ಶಾಶ್ವತ ಅಣೆಕಟ್ಟು ಆಗಿದೆ.

ಸಂಜೆ ಚಂದ್ರಗಿರಿ ಕೋಟೆಯ ಕೆಳಗೆ, ಸೇತುವೆಯ ಬದಿಯಲ್ಲಿ ನಿಂತೆವು. ಹದಿನೇಳನೆಯ ಶತಮಾನದಲ್ಲಿ ಬಿದನೂರಿನ ಶಿವಪ್ಪ ನಾಯಕ ಕಟ್ಟಿಸಿದ ಕೋಟೆ ಅದು. ಬಹುಕಾಲ ಈ ಹೊಳೆಯನ್ನೇ ತುಳುನಾಡಿನ ತೆಂಕಣ ಗಡಿ ಎಂದು ಎಣಿಸುತ್ತಿದ್ದರು. ಹಾದಿಯುದ್ದಕ್ಕೂ ನಮ್ಮ ಕಿವಿಗೆ ಬಿದ್ದದ್ದು ಕನ್ನಡ, ತುಳು, ಮಲಯಾಳ, ಹವ್ಯಕ, ಮರಾಟಿ, ಕೊಂಕಣಿ. ಎಲ್ಲರೂ ಕೇಳಿದ ಮೊದಲ ಪ್ರಶ್ನೆ ಮಾತ್ರ ಒಂದೇ: “ನೀರು ಬೇಕಾ?”

ಮೀಟರ್ ನೋಡಿದರೆ ಎರಡು ದಿನಕ್ಕೆ ಸುಮಾರು ನೂರು ಕಿಲೋಮೀಟರ್, ಅರ್ಧದಷ್ಟು ಮಣ್ಣಿನ ದಾರಿ. ಕಾರಿನಲ್ಲಾದರೆ ಮೂರು ಗಂಟೆಯ ಕೆಲಸ.

ಹೋಗುವವರಿಗೆ ನಾಲ್ಕು ಮಾತು

• ನವೆಂಬರಿನಿಂದ ಫೆಬ್ರವರಿಯವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಮುರಕಲ್ಲಿಗೆ ಪಾಚಿ ಕಟ್ಟಿ ಜಾರುತ್ತದೆ, ತೋಡು ಗಳಿಗೆಯಲ್ಲಿ ಏರುತ್ತದೆ. ಬೇಡ.

• ದುಬಾರಿ ಸೈಕಲೇ ಆಗಬೇಕೆಂದಿಲ್ಲ. ಟಯರ್ ಅಗಲವಿರಲಿ, ಗಾಳಿ ಸ್ವಲ್ಪ ಇಳಿಸಿ, ಬ್ರೇಕು ಸರಿಯಿರಲಿ. ಹೆಲ್ಮೆಟ್, ಪಂಪು, ಪಂಚರ್ ಸಾಮಾನು, ಓ.ಆರ್.ಎಸ್. ಪೊಟ್ಟಣ ಮರೆಯಬೇಡಿ.

• ಕಾಡಂಚಿನ ದಾರಿಯಲ್ಲಿ ಬೆಳಿಗ್ಗೆ ಎಂಟರ ಮೊದಲು, ಸಂಜೆ ಐದರ ನಂತರ ಹೋಗಬೇಡಿ. ಸಾರ್ವಜನಿಕ ರಸ್ತೆ ಬಿಟ್ಟು ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ನುಗ್ಗುವುದು ಅಪರಾಧ. ಊರವರು ಬೇಡವೆಂದರೆ ಬೇಡ.

• ಸುಳ್ಯದ ಕಡೆಯಿಂದ ಬರುವವರು ಅರಂಬೂರಿನಲ್ಲಿ ನಿಲ್ಲಿ. ಗಿರೀಶ್ ಭಾರದ್ವಾಜರು 1989ರಲ್ಲಿ ಇದೇ ಪಯಸ್ವಿನಿಗೆ ತಮ್ಮ ಮೊದಲ ತೂಗುಸೇತುವೆ ಕಟ್ಟಿದ್ದು ಅಲ್ಲಿ. ಆಮೇಲೆ ಅವರು ಕಟ್ಟಿದ ತೂಗುಸೇತುವೆಗಳು ನೂರಕ್ಕೂ ಹೆಚ್ಚು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು.

• ಕೊನೆಯದು: ಸೈಕಲಿಗೆ ಬೆಲ್ ಇರಲಿ.

ಬೆಂಗಳೂರಿಗೆ ಹಿಂತಿರುಗುವ ಮೊದಲು ಆ ಹುಡುಗ ಬದಿಯಡ್ಕದ ಸೈಕಲ್ ಅಂಗಡಿಗೆ ಹೋಗಿ ದೊಡ್ಡದೊಂದು ಹಿತ್ತಾಳೆ ಬೆಲ್ ಹಾಕಿಸಿಕೊಂಡ. ಆ ಚೆಂದದ ಸೈಕಲಿಗೆ ಅದು ಸ್ವಲ್ಪವೂ ಒಪ್ಪುವುದಿಲ್ಲ. ಟೀಚರ್ ವಾಳೆಯ ಕೂಟದಲ್ಲಿ ವಿಷಯ ಇಟ್ಟರು. ಈಗ ತಿಂಗಳಿಗೆ ಎರಡು ಶನಿವಾರ ನಮ್ಮ ವಾಳೆಯಿಂದ ಇಬ್ಬರು ಆ ಮನೆಗೆ ಹೋಗಿ ಮಧ್ಯಾಹ್ನದವರೆಗೆ ಇರುತ್ತಾರೆ. ತಾಯಿ ಪೇಟೆಗೆ ಹೋಗಿ ಬರುತ್ತಾರೆ, ಒಮ್ಮೆ ತಂಗಿಯ ಮನೆಗೂ ಹೋಗಿ ಬಂದರು. ದೊಡ್ಡ ಕೆಲಸವೇನಲ್ಲ. ಅವರ ದೊಡ್ಡ ಪ್ರಶ್ನೆಗೆ ಇದು ಉತ್ತರವೂ ಅಲ್ಲ. ಅಂಥ ಮನೆ ನಿಮ್ಮ ವಾಳೆಯ ಹತ್ತಿರವೂ ಇದ್ದೀತು. ಹಟ್ಟಿಯ ಮೂಲೆಯ ಸೈಕಲನ್ನು ಈ ಶನಿವಾರ ಹೊರಗೆ ತೆಗೆಯಿರಿ, ಚೈನಿಗೆ ಎಣ್ಣೆ ಬಿಡಿ.

ಗುರಿಕಾರರು ತಮ್ಮ ಸರದಿ ಬಂದಾಗ ಬೈಕಿನಲ್ಲಿ ಹೋಗಲು ಒಪ್ಪುವುದಿಲ್ಲ. ಅಟ್ಲಾಸೇ ಆಗಬೇಕು. ತಿರುವಿನಿಂದಲೇ ಬೆಲ್ ಬಡಿಯುತ್ತಾ ಹೋಗುತ್ತಾರೆ.